ಸುಣ್ಣದ ಬಾಣ ಅಳಿಸಿದ ಭಾನುವಾರ

ಕಳೆದ ತಿಂಗಳು ಸಹೋದ್ಯೋಗಿಯೊಬ್ಬರ ಮೊಮ್ಮಗಳ ನಾಮಕರಣಕ್ಕೆಂದು ನಾನೂ ನಮ್ಮ ಶಾಲೆಯ ಹಿಂದಿ ಟೀಚರೂ ಕೊತ್ತತ್ತಿ ಕಡೆಗೆ ಆಟೋದಲ್ಲಿ ಹೊರಟಿದ್ದೆವು. ಮುಖ್ಯರಸ್ತೆಯಲ್ಲಿ ಪೈಪು ಹೂಳಲು ಅಗೆದಿದ್ದರಿಂದ ಡ್ರೈವರು ನಾಲೆ ಏರಿಯ ಮೇಲೆ ಗಾಡಿ ಹತ್ತಿಸಿದ. ಬೆಳಗ್ಗೆ ಮಳೆ ಬಂದು ನಿಂತಿತ್ತು. ನಾಲೆ ಎರಡು ಕವಲಾಗುವ ಜಾಗದಲ್ಲಿ ಎಮ್ಮೆಗಳು ಅಡ್ಡ ಬಂದವು. ಆಟೋ ನಿಂತಿತು. ಎಡಕ್ಕೆ ದಾಟುವ ಸಣ್ಣ ಸೇತುವೆಯ ಕಟ್ಟೆಯ ಮೇಲೆ ಹಳದಿ ಎಣ್ಣೆ ಬಣ್ಣದಲ್ಲಿ ಒಂದು ಬಾಣ ಬರೆದಿತ್ತು.

ಟೀಚರ್ ಅದು ನೀರಾವರಿಯವರ ಗುರುತಿರಬೇಕು ಅಂದರು. ಅಲ್ಲ, ಭಾನುವಾರ ಓಡುವವರಿಗೆ ಅಂತ ನಮ್ಮ ಮೇಷ್ಟ್ರು ಬರೆಸಿದ್ದು ಅಂದೆ. ಮೊದಲು ಆ ಬಾಣವನ್ನು ಸುಣ್ಣದ ಪುಡಿಯಲ್ಲಿ ಹಾಕುತ್ತಿದ್ದರು, ಅದು ಎಣ್ಣೆ ಬಣ್ಣವಾದದ್ದು ಯಾವ ಭಾನುವಾರದ ನಂತರ ಅನ್ನುವುದನ್ನು ಹೇಳಲು ಬಾಯಿ ಬರಲಿಲ್ಲ. ನಾಮಕರಣದ ಊಟದಲ್ಲಿ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡೆ, ತಿನ್ನಲಾಗದೆ ಎಲೆಯಲ್ಲೇ ಬಿಟ್ಟೆ.

ಅದು ಏಳು ವರ್ಷದ ಹಿಂದಿನ ಮಳೆಗಾಲ. ನನಗೆ ಆಗ ನಲವತ್ತಾರು. ಮಂಡ್ಯದ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ಸಕ್ಕರೆ ಕಾಯಿಲೆ ಬಾಗಿಲ ತನಕ ಬಂದಿದೆ, ಒಳಗೆ ಕರೆಯಬೇಡಿ ಅಂತ ಡಾಕ್ಟರು ಹೇಳಿದ್ದರು. ಪಾರ್ಕಿನಲ್ಲಿ ಸುತ್ತು ಹಾಕುತ್ತಿದ್ದವಳನ್ನು ನೋಡಿ ಪುಟ್ಟಸ್ವಾಮಿ ಮೇಷ್ಟ್ರು, ನಡೆದದ್ದು ಸಾಕು ಇನ್ನು ಓಡಿ ಅಂದರು. ಅವರು ನಿವೃತ್ತ ವ್ಯಾಯಾಮ ಶಿಕ್ಷಕರು, ಕೊರಳಲ್ಲಿ ಸೀಟಿ ಇಲ್ಲದೆ ಹಾಲು ತರಲಿಕ್ಕೂ ಹೋಗದ ಮನುಷ್ಯ. ಭಾನುವಾರ ಬೆಳಗ್ಗೆ ಅವರ ಹಿಂದೆ ಒಂಬತ್ತು ಜನ ಓಡುತ್ತಿದ್ದೆವು. ಬ್ಯಾಂಕಿನವರಿಬ್ಬರು, ಒಬ್ಬ ನರ್ಸ್, ಬೈಕ್ ಮೆಕ್ಯಾನಿಕ್ ನಯಾಜ್, ಹೀಗೆ. ದಸರೆ ಕಳೆದ ಮೇಲೆ ಮೈಸೂರಿನಲ್ಲಿ ನಡೆಯುವ ಇಪ್ಪತ್ತೊಂದು ಕಿಲೋಮೀಟರ್ ಓಟಕ್ಕೆ ನಮ್ಮನ್ನು ಕರೆದೊಯ್ಯಬೇಕೆಂದು ಮೇಷ್ಟ್ರು ಹಠ ತೊಟ್ಟಿದ್ದರು.

ನಾಗರತ್ನ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು. ನಲವತ್ತರ ಹತ್ತಿರ, ಸಣಕಲು ಮೈ, ಮಾತು ಕಡಿಮೆ. ಮಕ್ಕಳಿಗೆ ಬಡಿಸುವ ಮುಂಚೆ ಒಬ್ಬರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು ಅನ್ನುವುದು ನಿಯಮ. ಟೀಚರುಗಳು ಪಾಠದಲ್ಲಿರುತ್ತಿದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ದಿನಾ ಹನ್ನೆರಡೂವರೆಗೆ ಅವಳು ಸ್ಟೀಲ್ ತಟ್ಟೆಯಲ್ಲಿ ಒಂದು ಹಿಡಿ ಅನ್ನ, ಸಾಂಬಾರು ತಂದಿಡುತ್ತಿದ್ದಳು. ನಾನು ತಿಂದು, ‘ಚೆನ್ನಾಗಿದೆ’ ಅಂತ ಬರೆದು ಸಹಿ ಹಾಕುತ್ತಿದ್ದೆ. ಹಾಗೆ ಒಂದು ದಿನ ನನ್ನ ಮಂಡಿನೋವಿನ ಮಾತು ಬಂದು, ಓಡುವ ಮಾತು ಬಂದು, ಅವಳು ತಟ್ಟೆ ತೆಗೆದುಕೊಳ್ಳುತ್ತಾ, ನಾನೂ ಬರಲಾ ಅಂದಳು. ಶಾಲೆಯಲ್ಲಿ ಓಡುತ್ತಿದ್ದಳಂತೆ. “ಮದ್ವೆ ಆದ್ಮೇಲೆ ಬಸ್ ಇಡಿಯಾಕ್ ಬುಟ್ರೆ ಇನ್ನೆಲ್ಗೂ ಓಡೇ ಇಲ್ಲ ಕಣಕ್ಕ,” ಅಂದಳು.

ಅವಳ ಮನೆ ಮಂಡ್ಯದಾಚೆಯ ಹಳ್ಳಿಯಲ್ಲಿ. ಗಂಡ ಮಹದೇವ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ, ಮೆತ್ತಗಿನ ಮನುಷ್ಯ. ಓಡು, ಆದರೆ ನಮ್ಮ ಊರಿನವರ ಕಣ್ಣಿಗೆ ಮಾತ್ರ ಬೀಳಬೇಡ ಅಂದಿದ್ದನಂತೆ. ಅತ್ತೆಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಹಾಗಾಗಿ ಒಂದು ಏರ್ಪಾಡು ಮಾಡಿಕೊಂಡೆವು. ಭಾನುವಾರ ಐದು ಗಂಟೆಗೆ ಮಹದೇವ ಗಿರಣಿಗೆ ಹೋಗುತ್ತಾ ಅವಳನ್ನು ನಮ್ಮ ಮನೆಯ ಮುಂದೆ ಇಳಿಸುತ್ತಿದ್ದ. ಅವಳು ಸೀರೆಯಲ್ಲಿ ಬಂದು, ನಮ್ಮ ಕೋಣೆಯಲ್ಲಿ ಅದನ್ನು ಬಿಚ್ಚಿ ಮಡಿಸಿ ಕುರ್ಚಿಯ ಮೇಲಿಟ್ಟು, ಟ್ರ್ಯಾಕ್ ಪ್ಯಾಂಟು, ಗಂಡನ ಹಳೆಯ ಟೀ ಶರ್ಟು ಹಾಕಿಕೊಳ್ಳುತ್ತಿದ್ದಳು. ಕಾಲಿಗೆ ಮಗಳ ಸ್ಕೂಲಿನ ಬಿಳಿ ಕ್ಯಾನ್ವಾಸ್ ಶೂ. ಓಡಿ ಬಂದು, ಮತ್ತೆ ಸೀರೆ ಉಟ್ಟು, ಹತ್ತು ಗಂಟೆಯ ಬಸ್ಸಿಗೆ ಊರಿಗೆ. ಅತ್ತೆಯ ಲೆಕ್ಕದಲ್ಲಿ ಸೊಸೆ ಭಾನುವಾರ ಮಂಗಳಕ್ಕನ ಮನೆಗೆ, ಅಂದರೆ ನಮ್ಮ ಮನೆಗೆ, ಅಡುಗೆ ಸಹಾಯಕ್ಕೆ ಹೋಗುತ್ತಿದ್ದಳು. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಆ ಮುದುಕಿ ಸಿಕ್ಕಿ, ನಮ್ಮ ಹುಡುಗಿ ಕೆಲಸ ಸರಿಯಾಗಿ ಮಾಡ್ತಾಳಾ ಅಂತ ಕೇಳಿದಾಗ, ಅವಳ ಕೈ ಚಿನ್ನದಂಥದು ಅಂದಿದ್ದೆ. ಆ ಸುಳ್ಳಿನಲ್ಲಿ ನನ್ನದೂ ಪಾಲಿತ್ತು. ಸೀರೆ ನನ್ನ ಮನೆಯಲ್ಲಿ, ಹೆಸರು ನನ್ನದು.

ಓಟದಲ್ಲಿ ನಾಗರತ್ನ ನಿಧಾನ. ಎಲ್ಲರಿಗಿಂತ ಹಿಂದೆ. ಆದರೆ ಅವಳು ನಡೆಯುತ್ತಿರಲಿಲ್ಲ. ನಾವೆಲ್ಲ ಸ್ವಲ್ಪ ಏರು ಬಂದರೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಡೆಯುವವರು. ಅವಳು ಅದೇ ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ, ಕೊಡ ಹೊತ್ತವಳಂತೆ ಕತ್ತು ಅಲ್ಲಾಡಿಸದೆ, ಏರಿನಲ್ಲೂ ಓಡಿಕೊಂಡೇ ಬರುತ್ತಿದ್ದಳು.

ಮೇಷ್ಟ್ರ ಗುಂಪಿನಲ್ಲಿ ಒಂದು ಪದ್ಧತಿ ಇತ್ತು. ಅವರು ಮೊಪೆಡ್ಡಿನಲ್ಲಿ ಮುಂದಿನವರ ಜೊತೆ ಹೋಗುತ್ತಿದ್ದರು. ದಾರಿ ತಿರುಗುವ ಕಡೆಯೆಲ್ಲ ಶನಿವಾರ ಸಂಜೆಯೇ ಸುಣ್ಣದ ಪುಡಿಯಲ್ಲಿ ಬಾಣ ಹಾಕಿ ಬರುತ್ತಿದ್ದರು. ಮತ್ತು ಕೊನೆಗೆ ಬರುವವರ ಹಿಂದೆ ದಾರಿ ಗೊತ್ತಿರುವ ಒಬ್ಬರು ಇರಲೇಬೇಕು. ಆ ವರ್ಷ ಅದು ನಾನು. ನನಗೆ ದಾರಿ ತೋರಿಸಲೆಂದೇ ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಒಮ್ಮೆ ನಾಲೆಯ ಕವಲಿನ ತನಕ ಸುತ್ತಿಸಿದ್ದರು. “ಹಸ ಮೇಯ್ಸೋನು ಮುಂದೆ ನಡೀತಾನೇನಮ್ಮ? ನೀವು ಹಿಂದೆ ಇರಿ. ನಿಮ್ಮ ಹಿಂದೆ ಒಂದು ನಾಯೀನೂ ಉಳೀಬಾರ್ದು,” ಅಂದಿದ್ದರು. ಮಳೆ ಬಂದರೆ ಎಲ್ಲರ ಫೋನುಗಳನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ನನ್ನ ಸೊಂಟದ ಚೀಲಕ್ಕೆ ತುರುಕುತ್ತಿದ್ದರು.

ಮೊದಮೊದಲು ಇದು ನನಗೆ ಹೆಮ್ಮೆಯಾಗಿತ್ತು. ಜುಲೈ ಕಳೆದು ನಾಲೆಗೆ ನೀರು ಬಿಟ್ಟು, ಗದ್ದೆಗಳಲ್ಲಿ ನಾಟಿ ಮುಗಿದು, ನನ್ನ ಕಾಲಿಗೆ ಬಲ ಬರುತ್ತಾ ಹೋದ ಹಾಗೆ ಹೆಮ್ಮೆ ಕಮ್ಮಿಯಾಯಿತು. ನನಗೆ ಇನ್ನೂ ಜೋರಾಗಿ ಓಡಲು ಆಗುತ್ತದೆ ಅನ್ನುವುದು ನನಗೇ ಗೊತ್ತಾಗಿಬಿಟ್ಟಿತ್ತು. ಪ್ರತಿ ಭಾನುವಾರ ನಾವಿಬ್ಬರು ಬರುವ ಹೊತ್ತಿಗೆ ಉಳಿದವರು ಬೆವರು ಆರಿಸಿಕೊಂಡು ಕೂತಿರುತ್ತಿದ್ದರು. ನಯಾಜ್ ಎದ್ದು ನಿಂತು, ಗೂಡ್ಸ್ ಗಾಡಿ ಬಂತು, ಹಿಂದೆ ಗಾರ್ಡೂ ಬಂದ್ರು, ಗೇಟ್ ತೆಗೀರಪ್ಪ ಅನ್ನುತ್ತಿದ್ದ. ಒಳ್ಳೆಯ ಹುಡುಗ, ಯಾರನ್ನೂ ನೋಯಿಸಬೇಕೆಂದು ಅಂದವನಲ್ಲ. ಎಲ್ಲರೂ ನಗುತ್ತಿದ್ದರು, ನಾಗರತ್ನಳೂ. ನಾನೂ ನಗುತ್ತಿದ್ದೆ. ಮನೆಗೆ ಬಂದು ಪಾತ್ರೆ ತೊಳೆಯುವಾಗ ಆ ಮಾತು ಮತ್ತೆ ಮತ್ತೆ ಕಿವಿಗೆ ಬರುತ್ತಿತ್ತು.

ಗೌರಿ ಹಬ್ಬ ಕಳೆದ ಎರಡನೇ ಭಾನುವಾರ ಹದಿನೆಂಟು ಕಿಲೋಮೀಟರ್ ಓಟ ಇಟ್ಟರು. ಎರಡೂವರೆ ಗಂಟೆಯೊಳಗೆ ಮುಗಿಸಿದವರು ಮೈಸೂರಿಗೆ, ಉಳಿದವರು ಬರುವ ವರ್ಷ ಅಂದರು. ಹಿಂದಿನ ವಾರಗಳ ಲೆಕ್ಕದಲ್ಲಿ ನಾಗರತ್ನ ಎರಡು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಮುಗಿಸಬಹುದಿತ್ತು. ಅಂದರೆ ಅವಳ ಜೊತೆ ಇರುವ ನಾನೂ ಹಾಗೆಯೇ. ಐದು ನಿಮಿಷ ಆಚೀಚೆ ಆದರೆ ಇಬ್ಬರೂ ಹೊರಗೆ. ಶನಿವಾರ ತಟ್ಟೆ ತಂದಿಟ್ಟಾಗ ಅವಳು, ಮೈಸೂರಿಗೆ ಹೋದರೆ ಅತ್ತೆಗೆ ಏನು ಹೇಳುವುದು ಅಂತ ಕೇಳಿದಳು. ಮದುವೆ ಮನೆ ಅಡುಗೆ ಅನ್ನೋಣ ಅಂದೆ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಭಾನುವಾರ ಬೆಳಗಿನ ಜಾವ ಮಹದೇವ ಅವಳನ್ನು ಇಳಿಸಿದಾಗ ಸೋನೆ ಹಿಡಿದಿತ್ತು. ಹೊರಟು ಅರ್ಧ ಗಂಟೆಗೆ ಅದು ಜಡಿಮಳೆಯಾಯಿತು. ಗಾಳಿ ಎದುರಿನಿಂದ. ನಾಲೆ ಏರಿಯ ಮಣ್ಣು ನೆನೆದು, ಶೂಗೆ ಮೆತ್ತಿಕೊಂಡು ಕಾಲು ಎರಡು ಕೇಜಿ ಭಾರವಾಯಿತು. ಬಲಕ್ಕೆ ಕಬ್ಬಿನ ಗರಿಗಳು ಒಂದೇ ಕಡೆಗೆ ಮಲಗಿದ್ದವು. ಎಡಕ್ಕೆ ನಾಲೆಯ ನೀರು ಕೆಂಪಗೆ ಏರಿಯಿಂದ ಒಂದು ಮೊಳ ಕೆಳಗೆ ಹರಿಯುತ್ತಿತ್ತು. ಮುಂದಿನವರು ಮಳೆಯಲ್ಲಿ ಕರಗಿಹೋದರು. ನಾಗರತ್ನ ಮಾತ್ರ ತನ್ನ ಹೆಜ್ಜೆ ಬದಲಿಸಲಿಲ್ಲ.

ಏಳನೇ ಕಿಲೋಮೀಟರ್ ಹತ್ತಿರ ಅವಳ ಬಲಗಾಲಿನ ಶೂ ಬಾಯಿ ಬಿಟ್ಟಿತು. ತಳ ಕಿತ್ತು ನಾಲಗೆಯ ಹಾಗೆ ಜೋತಾಡತೊಡಗಿತು. ಅವಳು ಪಕ್ಕದ ಬಾಳೆಗಿಡದ ಹತ್ತಿರ ಹೋಗಿ ಒಣಗಿದ ಪಟ್ಟೆಯಿಂದ ನಾರು ಸೀಳಿಕೊಂಡು ಬಂದು ಕೂತಳು. ಗಂಟು ಹಾಕಿದರೆ ಜಾರುತ್ತಿತ್ತು. ನಾನು ಗಡಿಯಾರ ನೋಡಿದೆ. ಅವಳು ನಾನು ನೋಡಿದ್ದನ್ನು ನೋಡಿದಳು.

“ನೀವ್ ನಡೀರಿ ಅಕ್ಕ. ಕಟ್ಕಂಡ್ ಬತ್ತೀನಿ.”

ಒಬ್ಬಳೇ ಬರುತ್ತೀಯಾ ಅಂದೆ.

“ಊಂ. ಓಗಿ ನೀವು.”

ನಾನು ಹೊರಟೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಪಂಕ್ತಿಯಲ್ಲಿ ಸಾಕು ಅಂದವರ ಎಲೆಗೆ ಬಡಿಸದೆ ಮುಂದೆ ಹೋಗುವವರಿಲ್ಲ. ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಒಂದು ಸೌಟು ಸುರಿದೇ ಹೋಗುತ್ತೇವೆ. ನೆಂಟರು ಹೊರಡುತ್ತೇನೆ ಅಂದರೆ ಚೀಲ ಕಿತ್ತಿಟ್ಟುಕೊಳ್ಳುತ್ತೇವೆ. ಬೇಡ ಅನ್ನುವುದು ಮರ್ಯಾದೆ, ಬೇಡ ಅಂದರೂ ಬಿಡದಿರುವುದು ಅದಕ್ಕೆ ತಕ್ಕ ಮರ್ಯಾದೆ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿ, ನೂರಾರು ಎಲೆಗೆ ಬಡಿಸಿದ ನನಗೆ ಇದು ಗೊತ್ತಿರಲಿಲ್ಲ ಅಂತ ಯಾರಿಗೆ ಹೇಳಲಿ? ಓಗಿ ಅಂದವಳ ಕಣ್ಣು ಶೂನ ಮೇಲಿತ್ತು, ನನ್ನ ಮುಖದ ಮೇಲಿರಲಿಲ್ಲ. ಅವಳ ಮಾತು ನನಗೆ ಬೇಕಾಗಿದ್ದರಿಂದ ಅದನ್ನು ಹಾಗೇ ತೆಗೆದುಕೊಂಡೆ.

ಒಂದು ಕಿಲೋಮೀಟರ್ ಮುಂದೆ ಕವಲು. ಸೇತುವೆಯ ಹತ್ತಿರ ಮೇಷ್ಟ್ರು ಹಾಕಿದ್ದ ಬಾಣ ಇರಲಿಲ್ಲ. ಸುಣ್ಣವೆಲ್ಲ ಕರಗಿ ಹಾಲು ಚೆಲ್ಲಿದ ಹಾಗೆ ಏರಿಯ ಅಂಚಿಗೆ ಹರಿದುಹೋಗಿತ್ತು. ಇಲ್ಲಿ ಎಡಕ್ಕೆ ತಿರುಗಬೇಕು. ಗೊತ್ತಿಲ್ಲದವರು ನೇರ ಹೋಗುತ್ತಾರೆ. ನಾಗರತ್ನ ಅಲ್ಲಿಯ ತನಕ ಎಂದೂ ಓಡಿ ಬಂದಿರಲಿಲ್ಲ. ನಾನು ನಿಂತೆ. ನೂರು ಎಣಿಸೋಣ, ಅಷ್ಟರಲ್ಲಿ ಬರುತ್ತಾಳೆ ಅಂದುಕೊಂಡೆ. ಹಿಂದೆ ತಿರುಗಿ ನೋಡಿದರೆ ಬೆಳ್ಳಗೆ ಮಳೆ, ಬೇರೇನೂ ಇಲ್ಲ. ನೇರ ದಾರಿಗೆ ಅಡ್ಡವಾಗಿ ನಾಲ್ಕು ಕಲ್ಲಾದರೂ ಇಟ್ಟು ಹೋಗಬಹುದಿತ್ತು. ಅರವತ್ತಕ್ಕೆ ಎಣಿಕೆ ಬಿಟ್ಟು ಎಡಕ್ಕೆ ತಿರುಗಿ ಓಡಿದೆ.

ಎರಡು ಕಿಲೋಮೀಟರ್ ಆಚೆ, ಮಳೆಗೆ ಒಲೆ ಹಚ್ಚದೆ ನಿಂತಿದ್ದ ಒಂದು ಆಲೆಮನೆಯ ಸೂರಿನ ಕೆಳಗೆ ಎಲ್ಲರೂ ನೀರು ಕುಡಿಯುತ್ತಿದ್ದರು. ನಾನು ಒಬ್ಬಳೇ ಬಂದದ್ದು ನೋಡಿ ಮೇಷ್ಟ್ರು ಮೊಪೆಡ್ಡಿಂದ ಇಳಿದರು. ನಾಗರತ್ನ ಎಲ್ಲಿ ಅಂದರು.

ನಿಜ ಹೇಳಿದ್ದರೆ ಐದು ನಿಮಿಷದ ಕೆಲಸ. ಮೊಪೆಡ್ ತಿರುಗಿಸಿ ಹೋಗಿ ಕರೆತರುತ್ತಿದ್ದರು. ಆದರೆ ಅಷ್ಟು ಜನರ ಎದುರಿಗೆ, ಬಿಟ್ಟುಬಂದೆ ಅನ್ನಬೇಕಾಗಿತ್ತು.

“ಹೊಟ್ಟೆನೋವು ಅಂದ್ಲು ಮೇಷ್ಟ್ರೆ. ವಾಪಸ್ ಹೋದ್ಲು. ಬಸ್ ಹತ್ಸಿ ಬಂದೆ,” ಅಂದೆ.

ಆ ಬಸ್ಸು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಬಾಯಿಗೆ ಬಂತು. ನಯಾಜ್, ಇಷ್ಟು ಮಳೆಯಲ್ಲಿ ಬಸ್ ಹತ್ತಿಸಿ ಓಡಿಬಂದ್ರಾ, ಶಭಾಷ್ ಅಂದ. ಅವಳ ಫೋನು ನನ್ನ ಸೊಂಟದಲ್ಲೇ ಇತ್ತು, ಯಾರಿಗೂ ಅದು ಹೊಳೆಯಲಿಲ್ಲ. ಮೇಷ್ಟ್ರು ಮಾತ್ರ, ಛೆ, ಮನಸ್ಸು ಗಟ್ಟಿ ಇಲ್ಲ ಆ ಹೆಣ್ಮಗಳಿಗೆ, ಅಂದು ಸೀಟಿ ಊದಿದರು. ಉಳಿದ ಎಂಟು ಕಿಲೋಮೀಟರ್ ನಾನು ಓಡಿದ ಹಾಗೆ ಹಿಂದೆ ಎಂದೂ ಓಡಿರಲಿಲ್ಲ. ಎರಡು ಗಂಟೆ ಹದಿನೇಳು ನಿಮಿಷ. ಹೋಟೆಲಿನಲ್ಲಿ ಎಲ್ಲರೂ ಬೆನ್ನು ತಟ್ಟಿದರು. ತಟ್ಟೆ ಇಡ್ಲಿ ತಿಂದು, ಮದ್ದೂರು ವಡೆ ತಿಂದು, ಎರಡು ಸಲ ಕಾಫಿ ಕುಡಿದೆ.

ಒಂಬತ್ತೂವರೆಗೆ ಮನೆಗೆ ಬಂದಾಗ ನಮ್ಮ ಯಜಮಾನರು, ನಾಗರತ್ನ ಇನ್ನೂ ಬಂದೇ ಇಲ್ಲವಲ್ಲ ಅಂದರು. ಕೋಣೆಗೆ ಹೋದೆ. ಕುರ್ಚಿಯ ಮೇಲೆ ಹಸಿರು ಸೀರೆ ಮಡಿಸಿದ್ದು ಹಾಗೇ ಇತ್ತು, ಅದರ ಮೇಲೆ ಅವಳ ಬಳೆ.

ಆಗ ನನಗೆ ನಾಲೆಯ ನೀರು ನೆನಪಾಯಿತು. ಜಾರುವ ಏರಿ, ಬಾಯಿಬಿಟ್ಟ ಶೂ, ಒಂದು ಮೊಳ ಕೆಳಗೆ ಹರಿಯುವ ನೀರು. ಸೊಂಟದ ಚೀಲ ಬಿಚ್ಚಿದೆ. ಉಳಿದವರೆಲ್ಲ ಹೋಟೆಲಿನಲ್ಲೇ ತಮ್ಮ ಫೋನು ತೆಗೆದುಕೊಂಡಿದ್ದರು, ಕವರಿನ ತಳದಲ್ಲಿ ಅವಳದೊಂದೇ ಇತ್ತು. ಅದರಲ್ಲಿ ‘ಮನೆ’ ಅಂತ ನಾಲ್ಕು ಕರೆಗಳು ಬಂದು ನಿಂತಿದ್ದವು, ನಾನು ಇಡ್ಲಿ ತಿನ್ನುತ್ತಿದ್ದ ಹೊತ್ತಿನಲ್ಲಿ. ವಾಪಸು ಮಾಡಿದೆ. ಆ ಕಡೆಯಿಂದ ನಾಗರತ್ನಳೇ ಮಾತಾಡಿದಳು, ಮೆತ್ತಗೆ.

“ಮನೇಗ್ ಬಂದಿವ್ನಿ ಅಕ್ಕ. ನೀವು ನಾಲೆ ತಾವ ಉಡುಕ್ತಾ ಇರ್ತೀರ ಅಂತ ಫೋನ್ ಮಾಡ್ದೆ.”

ಅಷ್ಟು ಹೇಳಿ ಇಟ್ಟಳು. ನಾನು ಹುಡುಕುತ್ತಿರುತ್ತೇನೆ ಅಂದುಕೊಂಡಿದ್ದಳು.

ಮರುದಿನ ಅವಳು ಶಾಲೆಗೆ ಬರಲಿಲ್ಲ. ಸಂಜೆ ಸೀರೆ, ಬಳೆ, ಫೋನು ಒಂದು ಕೈಚೀಲಕ್ಕೆ ಹಾಕಿಕೊಂಡು ಅವಳ ಊರಿಗೆ ಬಸ್ಸು ಹತ್ತಿದೆ. ಅತ್ತೆ ಜಗಲಿಯ ಮೇಲೆ ಅಲಸಂದೆಕಾಯಿ ಬಿಡಿಸುತ್ತಾ ಕೂತಿದ್ದರು. ಚೀಲ ತೆಗೆದುಕೊಂಡು ಪಕ್ಕದಲ್ಲಿಟ್ಟು, ಕೂರು ಅಂತ ಕೈ ತೋರಿಸಿದರು. ನಡೆದದ್ದು ನನಗೆ ಅವರ ಬಾಯಿಂದಲೇ ತಿಳಿಯಿತು. ಕವಲಿನಲ್ಲಿ ನೇರ ಹೋದ ನಾಲೆ ಅವರ ಊರಿಗೇ ಹೋಗುತ್ತದೆ. ಮಳೆಯಲ್ಲಿ ತಲೆ ತಗ್ಗಿಸಿಕೊಂಡು, ನಾವು ಮುಂದೆ ಇದ್ದೇವೆಂದು ನಂಬಿ, ನಾರು ಕಟ್ಟಿದ ಶೂನಲ್ಲಿ ನಾಗರತ್ನ ಓಡುತ್ತಲೇ ಹೋಗಿದ್ದಾಳೆ. ಎದುರಿಗೆ ಸಿಕ್ಕಿದ್ದು ಊರ ಹಾಲಿನ ಡೈರಿ, ಅದೂ ಬೆಳಗಿನ ಹಾಲು ಹಾಕುವ ಹೊತ್ತು.

“ಆಲು ಆಕಕ್ಕೆ ಊರೇ ನಿಂತಿತ್ತು ಕಣವ್ವ. ಯಾರೋ ಉಡ್ಗ ಓಡ್ಬತ್ತಾವ್ನೆ ಅಂದ್ಕಂಡೊ. ತಾವ್ಕೆ ಬಂದ್ರೆ ನಮ್ ಸೊಸೆ.” ಕಾಳು ಬಿಡಿಸುವ ಕೈ ನಿಲ್ಲಲಿಲ್ಲ. ತಲೆಗೆ ಹಾಕಿಕೊಂಡಿದ್ದ ಗೊಬ್ಬರದ ಚೀಲವನ್ನು ತಾವೇ ತೆಗೆದು ಅವಳಿಗೆ ಮುಚ್ಚಿ, ಹಾಲಿನ ಕ್ಯಾನು ಅಲ್ಲೇ ಬಿಟ್ಟು, ಮನೆಗೆ ಕರೆತಂದರಂತೆ. ನಾಗರತ್ನಳ ಮೈದುನರು ಏನೇನೋ ಅಂದರಂತೆ, ಇವರೇ ಬಾಯಿ ಮುಚ್ಚಿಸಿದರಂತೆ. ಓಡಿದ್ದಕ್ಕೆ ನನಗೆ ಕೋಪ ಇಲ್ಲ, ನನಗೆ ಸುಳ್ಳು ಹೇಳಿದಳಲ್ಲ ಅಂದರು. ಇನ್ನು ಮೇಲೆ ಭಾನುವಾರ ಅವಳು ಎಲ್ಲಿಗೂ ಬರುವುದಿಲ್ಲ ಅಂದರು. ಆಮೇಲೆ ಮೊದಲ ಸಲ ನನ್ನ ಮುಖ ನೋಡಿದರು.

“ಅಷ್ಟ್ ಮಳೇಲಿ, ಅಷ್ಟ್ ದೂರ, ಒಬ್ಳುನ್ನೇ ಯಾಕ್ ಬುಟ್ರವ್ವ?”

ಅವಳೇ ಹೋಗಿ ಅಂದಳು ಅಂದೆ. ಲೋಟದಲ್ಲಿ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ ನಾಗರತ್ನ, ಹೌದತ್ತೆ, ನಾನೇ ಅಂದೆ, ಅಂದಳು. ನಾನು ಆ ಕಾಫಿ ಕುಡಿದೆ.

ಮುಂದಿನ ಭಾನುವಾರ ಮೇಷ್ಟ್ರು ಮೈಸೂರಿಗೆ ಹೋಗುವವರ ಹೆಸರು ಓದಿದರು. ನನ್ನದು ನಾಲ್ಕನೆಯದು. ಸುಣ್ಣದ ಬಾಣ ಮಳೆಗೆ ನಿಲ್ಲುವುದಿಲ್ಲ, ಬಣ್ಣದ್ದು ಬರೆಸುತ್ತೇನೆ ಅಂದರು. ನಾಗರತ್ನಳ ಹೆಸರು ಯಾರೂ ಎತ್ತಲಿಲ್ಲ. ಮೈಸೂರಿನಲ್ಲಿ ಓಡಿದೆ, ಮುಗಿಸಿದೆ, ಕೊರಳಿಗೆ ಪದಕ ಹಾಕಿದರು. ಅದನ್ನು ಶಾಲೆಗೆ ತರಬೇಕೆಂದು ಟೀಚರುಗಳು ಕೇಳಿದರು. ಮನೆಯಲ್ಲಿ ಎಲ್ಲೋ ಇಟ್ಟಿದ್ದೇನೆ, ಸಿಗುತ್ತಿಲ್ಲ ಅಂದೆ.

ಆ ಶಾಲಾ ವರ್ಷದ ಕೊನೆಯ ತನಕ ನಾಗರತ್ನ ದಿನಾ ಹನ್ನೆರಡೂವರೆಗೆ ತಟ್ಟೆ ತಂದಿಡುತ್ತಲೇ ಇದ್ದಳು. ಅವಳು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಚೆನ್ನಾಗಿದೆ ಅಂತ ಬರೆದು ಸಹಿ ಹಾಕುತ್ತಿದ್ದೆ. ಜೂನ್‌ನಲ್ಲಿ ಅವಳು ಕೇಳಿಕೊಂಡು ತನ್ನ ಊರಿನ ಶಾಲೆಯ ಅಡುಗೆಗೆ ಹೋದಳು. ಆಮೇಲೆ ನಾವು ಭೇಟಿಯಾಗಲಿಲ್ಲ. ಓಟ ನಾನು ಬಿಡಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಗುಂಪಿನ ಹಿಂದೆ ಇರುವ ಕೆಲಸವನ್ನು ಮಾತ್ರ ಮಂಡಿನೋವಿನ ನೆಪ ಹೇಳಿ ಬಿಟ್ಟೆ.

ನಾಮಕರಣದಿಂದ ಬಂದ ಮುಂದಿನ ಭಾನುವಾರ ಮೇಷ್ಟ್ರ ಹತ್ತಿರ ಹೋದೆ. ಅವರಿಗೆ ಈಗ ಮೊಪೆಡ್ ಆಗುವುದಿಲ್ಲ. ನಾಲೆಯ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಗಡಿಯಾರ ಹಿಡಿದು ಕೂತಿರುತ್ತಾರೆ. ಪಕ್ಕದಲ್ಲಿ ನಿಂತು ಎಲ್ಲ ಹೇಳಿದೆ. ಬಿಟ್ಟು ಹೋದದ್ದು, ಅರವತ್ತು ಎಣಿಸಿದ್ದು, ಇಲ್ಲದ ಬಸ್ಸು.

ಏಳು ವರ್ಷದ ಹಿಂದೆ, ಆ ಮಳೆಯ ಓಟ ಆದ ವಾರವೇ, ಅವರು ನಮ್ಮ ಶಾಲೆಗೆ ಹೋಗಿದ್ದರಂತೆ. ನಾನು ಕಾಗದಪತ್ರ ಹಿಡಿದು ಶಿಕ್ಷಣ ಇಲಾಖೆ ಆಫೀಸಿಗೆ ಹೋಗಿದ್ದ ದಿನ. ಅಡುಗೆಮನೆ ಬಾಗಿಲ ಹತ್ತಿರ ನಿಂತು ನಾಗರತ್ನಳನ್ನು ಕೇಳಿದರಂತೆ. ಹೊಟ್ಟೆನೋವು ಬಂದಿತ್ತು, ಅಕ್ಕನೇ ಬಸ್ ಹತ್ತಿಸಿದರು ಅಂದಳಂತೆ.

“ಓಡೋದು ನಿನ್ನಂಥೋರಿಗಲ್ಲ, ಸೌಟು ಹಿಡ್ಕೊಂಡಿರು ಅಂತ ಬೈದು ಬಂದೆ ಕಣಮ್ಮ ನಾನು,” ಅಂದರು ಮೇಷ್ಟ್ರು. “ಅದು ತಲೆ ತಗ್ಗಿಸ್ಕೊಂಡು ಹೂಂ ಅಂತು.”

ಆಮೇಲೆ ಅವರು ನನ್ನ ಕಡೆ ತಿರುಗಲಿಲ್ಲ.

ಮರುದಿನ ರಜೆ ಹಾಕಿ ಅವಳ ಊರಿನ ಶಾಲೆಗೆ ಹೋದೆ. ಅಡುಗೆಮನೆಯ ಹೊಗೆಯಲ್ಲಿ ಅವಳು ದೊಡ್ಡ ಪಾತ್ರೆಯ ಮುಂದೆ ನಿಂತಿದ್ದಳು. ಕಿವಿಯ ಹತ್ತಿರ ಕೂದಲು ನೆರೆತಿತ್ತು. ಬನ್ನಿ ಅಕ್ಕ, ಅಂತ ಅಕ್ಕಿ ಮೂಟೆ ತೋರಿಸಿದಳು. ನಾನು ಕೂರದೆ ನಿಂತುಕೊಂಡೇ ಹೇಳಿದೆ. ಮೇಷ್ಟ್ರಿಗೆ ಹೇಳಿದ್ದನ್ನೇ, ಅದೇ ಕ್ರಮದಲ್ಲಿ. ಅವಳು ಸಾಂಬಾರು ತಿರುಗಿಸುತ್ತಾ ಕೇಳಿದಳು.

“ಮೇಷ್ಟ್ರು ಬಂದ್ ಕೇಳ್ದಾಗ್ಲೇ ಗೊತ್ತಾಯ್ತು ಅಕ್ಕ.”

ಮತ್ಯಾಕೆ ಹೌದು ಅಂದೆ, ಅಂತ ಕೇಳಿದೆ.

“ಇಲ್ಲ ಅಂದಿದ್ರೆ ನಿಮ್ಮುನ್ನೂ ತೆಗ್ದಾಕರು. ನನ್ ಓಟ ಎಂಗೂ ಮುಗ್ದೋಗಿತ್ತು. ಇಬ್ರುದೂ ಯಾಕ್ ಮುಗೀಬೇಕು ಅಂತ.”

ತಪ್ಪಾಯ್ತು ನಾಗರತ್ನ ಅಂದೆ. ಅವಳು ಅಂಗೈಗೆ ಎರಡು ಹನಿ ಸಾಂಬಾರು ಹಾಕಿಕೊಂಡು ನೆಕ್ಕಿ, ಡಬ್ಬಿಯಿಂದ ಉಪ್ಪು ತೆಗೆದು ಹಾಕಿದಳು. ತರಗತಿಯಿಂದ ಮಗ್ಗಿ ಕೇಳಿಸುತ್ತಿತ್ತು. ಒಲೆಯ ಕಡೆಗೇ ಮುಖ ಮಾಡಿಕೊಂಡು, ಮೈಸೂರಿನ ಓಟ ಹೇಗಿತ್ತು ಅಂತ ಕೇಳಿದಳು.

ಏಳು ವರ್ಷದಲ್ಲಿ ಆ ಓಟದ ಬಗ್ಗೆ ನಾನು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಚೆನ್ನಾಗಿತ್ತು ಅಂದೆ. ಅಷ್ಟಕ್ಕೆ ಅವಳು ಬಿಡಲಿಲ್ಲ. ಎಷ್ಟು ಗಂಟೆಗೆ ಬಿಟ್ಟರು, ಎಷ್ಟು ಜನ ಇದ್ದರು, ನೀರು ಎಲ್ಲೆಲ್ಲಿ ಕೊಟ್ಟರು, ಹೆಂಗಸರು ಎಷ್ಟಿದ್ದರು, ಸೀರೆ ಉಟ್ಟವರೂ ಇದ್ದರಾ ಅಂತ ಒಂದೊಂದಾಗಿ ಕೇಳಿದಳು. ನಾನು ಒಂದೊಂದಾಗಿ ಹೇಳುತ್ತಾ ಹೋದೆ. ಕತ್ತಲಿರುವಾಗಲೇ ದೀಪದ ಕೆಳಗೆ ಸಾಲು ನಿಲ್ಲಿಸಿದ್ದು, ಎದೆಗೆ ನಂಬರು ಚುಚ್ಚಿದ್ದು, ರಸ್ತೆ ಬದಿಯವರು ಗುರುತು ಪರಿಚಯ ಇಲ್ಲದವರಿಗೂ ಚಪ್ಪಾಳೆ ತಟ್ಟಿದ್ದು. ಸೀರೆ ಉಟ್ಟವರು ಇಬ್ಬರಿದ್ದರು ಅಂದೆ. ಅವಳು ಸೌಟು ಪಾತ್ರೆಯ ಅಂಚಿಗೆ ಒರಗಿಸಿ ನನ್ನ ಕಡೆಗೆ ತಿರುಗಿದಳು.

ಏರು ಇತ್ತಾ ಅಂದಳು.

ಇತ್ತು, ಹದಿನಾಲ್ಕನೇ ಕಿಲೋಮೀಟರ್ ಆದ ಮೇಲೆ, ಬೆಟ್ಟದ ಕಡೆಗೆ ತಿರುಗುವಲ್ಲಿ, ಉದ್ದಕ್ಕೆ ಇತ್ತು ಅಂದೆ.

“ಅಲ್ಲಿ ಓಡುದ್ರಾ, ನಡುದ್ರಾ?”

ನಡೆದೆ, ಅಂದೆ.

“ನಾನಾಗಿದ್ರೆ ಓಡ್ತಿದ್ದೆ,” ಅಂದಳು. ಕೋಪದಿಂದಲ್ಲ. ಅನ್ನ ಬೆಂದಿದೆ ಅನ್ನುವಷ್ಟು ಸಹಜವಾಗಿ.

ಹೌದು, ನೀನಾಗಿದ್ದರೆ ಓಡುತ್ತಿದ್ದೆ, ಅಂದೆ.